ಮುಗ್ಗರಿಸುವ ಹೆಜ್ಜೆಯ ಇತಿಹಾಸ

ರೋಗಗಳಿಗೆ ಹೆಸರಿಡುವಾಗ ಮನುಷ್ಯನು ಕಣ್ಣಿಗೆ ಮೊದಲು ಬಿದ್ದುದನ್ನೇ ಹಿಡಿದುಕೊಳ್ಳುತ್ತಾನೆ. ಕಂಪವಾತಕ್ಕೆ ಆ ಹೆಸರು ಬಂದುದು ಹೀಗೆಯೇ. ಮಡಿಲಲ್ಲಿ ಇಟ್ಟುಕೊಂಡ ಕೈ ತನ್ನಷ್ಟಕ್ಕೆ ತಾನೇ ನಡುಗುತ್ತಿರುವುದು ದೂರದಿಂದಲೂ ಕಾಣುತ್ತದೆ. ಬಂದ ನೆಂಟರಿಗೂ ಕಾಣುತ್ತದೆ, ಬೀದಿಯ ಹುಡುಗರಿಗೂ ಕಾಣುತ್ತದೆ. ಆದರೆ ಕೈನಡುಕದಿಂದ ಮೂಳೆ ಮುರಿದುಕೊಂಡವರಿಲ್ಲ. ಈ ರೋಗ ಹಿಡಿದವರನ್ನು ಆಸ್ಪತ್ರೆಗೆ ಕಳಿಸುವುದು, ಹಾಸಿಗೆಗೆ ಕೆಡವುವುದು, ಕೊನೆಗೆ ಮನೆಯ ಹೊರಬಾಗಿಲು ದಾಟಲೂ ಹೆದರುವಂತೆ ಮಾಡುವುದು ಬಹುಮಟ್ಟಿಗೆ ಬೀಳುವಿಕೆ. ಹೆಸರು ನಡುಕಕ್ಕೆ ಸಂದಿತು, ಹಾನಿ ಮಾತ್ರ ಬೀಳುವಿಕೆಯದಾಯಿತು. ಈ ಅಡ್ಡಾದಿಡ್ಡಿ ಹೇಗೆ ಉಂಟಾಯಿತೆಂಬುದು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಒಂದು ಸ್ವಾರಸ್ಯವಾದ ಅಧ್ಯಾಯ.

ಸ್ವಾರಸ್ಯವೆಂದೆ, ಏಕೆಂದರೆ ಈ ರೋಗವನ್ನು ಮೊದಲು ವಿವರಿಸಿದಾತನು ಬೀಳುವಿಕೆಯನ್ನು ಕಾಣದೆ ಹೋಗಿರಲಿಲ್ಲ. ಚೆನ್ನಾಗಿಯೇ ಕಂಡಿದ್ದನು.

ಜೇಮ್ಸ್ ಪಾರ್ಕಿನ್ಸನ್ ಹುಟ್ಟಿದ್ದು 1755ರ ಏಪ್ರಿಲ್ 11ರಂದು, ಲಂಡನ್ನಿಗೆ ಹೊಂದಿಕೊಂಡ ಹಾಕ್ಸ್‌ಟನ್ ಎಂಬಲ್ಲಿ. ತಂದೆ ಔಷಧಿ ಕೊಟ್ಟು ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತಿದ್ದ ಊರ ವೈದ್ಯ. ಮಗನೂ ಅದೇ ವೃತ್ತಿಯನ್ನು ಹಿಡಿದ. ಆದರೆ ನಾಡಿ ಹಿಡಿದು ಕಷಾಯ ಕೊಟ್ಟು ಸುಮ್ಮನಿರುವ ಜಾತಿಯವನಲ್ಲ. ಫ್ರಾನ್ಸಿನ ಕ್ರಾಂತಿಯ ಬಿಸಿ ಇಂಗ್ಲೆಂಡಿಗೂ ತಾಗಿದ್ದ ಕಾಲ ಅದು. ‘ಮುದಿ ಹ್ಯೂಬರ್ಟ್’ ಎಂಬ ಗುಪ್ತನಾಮದಲ್ಲಿ ಆತನು ಬಡವರ ಪರವಾಗಿ, ಸರಕಾರಕ್ಕೆ ಚುಚ್ಚುವಂತಹ ಕರಪತ್ರಗಳನ್ನು ಬರೆದ. 1794ರಲ್ಲಿ ಮೂರನೆಯ ಜಾರ್ಜ್ ದೊರೆಯನ್ನು ವಿಷದ ಬಾಣದಿಂದ ಕೊಲ್ಲುವ ಸಂಚು ನಡೆದಿದೆಯೆಂದು ಗುಲ್ಲೆದ್ದಾಗ ಪ್ರಿವಿ ಕೌನ್ಸಿಲಿನ ಮುಂದೆ ನಿಂತು ಪ್ರಮಾಣ ಮಾಡಿ ಉತ್ತರ ಕೊಡಬೇಕಾಯಿತು. ಮುಂದೆ ರಾಜಕೀಯದ ಕಾವು ಇಳಿದ ಮೇಲೆ ಪಳೆಯುಳಿಕೆಗಳ ಹುಚ್ಚು ಹಿಡಿಯಿತು. ಕಲ್ಲಾದ ಕಪ್ಪೆಚಿಪ್ಪುಗಳನ್ನೂ ಗಿಡಗಂಟಿಗಳನ್ನೂ ಕುರಿತು 1804ರಿಂದ 1811ರ ನಡುವೆ ಮೂರು ದೊಡ್ಡ ಸಂಪುಟಗಳನ್ನು ಹೊರತಂದ. 1807ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘವನ್ನು ಕಟ್ಟಿದವರಲ್ಲಿ ಆತನೂ ಒಬ್ಬ. ಬದುಕಿದ್ದಾಗ ಆತನ ಕೀರ್ತಿಯೆಲ್ಲ ಈ ಕಲ್ಲುಗಳಿಂದ ಬಂದದ್ದು. ಇಂದು ಆ ಸಂಪುಟಗಳನ್ನು ತೆರೆದು ನೋಡುವವರು ಎಷ್ಟು ಮಂದಿಯೋ! ಜಗತ್ತು ನೆನಪಿಟ್ಟುಕೊಂಡಿರುವುದು ಅರುವತ್ತೆರಡನೆಯ ವಯಸ್ಸಿನಲ್ಲಿ, 1817ರಲ್ಲಿ, ಆತನು ಅಚ್ಚು ಹಾಕಿಸಿದ ಅರುವತ್ತಾರು ಪುಟಗಳ ಒಂದು ಚಿಕ್ಕ ಪುಸ್ತಕವನ್ನು. ‘ನಡುಗುವ ಪಾರ್ಶ್ವವಾಯುವನ್ನು ಕುರಿತ ಪ್ರಬಂಧ’ ಎಂದು ಅದರ ಹೆಸರಿಗೆ ಅರ್ಥ ಹೇಳಬಹುದು.

ಆ ಪುಸ್ತಕಕ್ಕೆ ಆಧಾರವಾದ ರೋಗಿಗಳು ಕೇವಲ ಆರು ಮಂದಿ. ಅವರಲ್ಲಿ ಎಲ್ಲರೂ ಆತನ ಔಷಧಾಲಯದ ಬಾಗಿಲಿಗೆ ಬಂದವರಲ್ಲ. ಮೊದಲನೆಯವನು ಐವತ್ತು ದಾಟಿದ, ಕುಡಿತದ ಚಟವಿಲ್ಲದ, ದುಡಿಮೆಗಾರನಾದ ಒಬ್ಬ ತೋಟಗಾರ. ಎರಡನೆಯವನು ಬೀದಿಯಲ್ಲಿ ಎದುರಾದವನು. ಅರುವತ್ತೆರಡು ವರ್ಷದ, ಬಹುಕಾಲ ನ್ಯಾಯಾಧಿಕಾರಿಯೊಬ್ಬರ ಕಚೇರಿಯಲ್ಲಿ ಸೇವಕನಾಗಿದ್ದ ಮನುಷ್ಯ. ಮೂರನೆಯವನೂ ಬೀದಿಯಲ್ಲಿಯೇ ಸಿಕ್ಕ ಹಳೆಯ ನಾವಿಕ. ಸ್ಪೇನಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಒದ್ದೆ ನೆಲದ ಮೇಲೆ ಮಲಗಿದ್ದರಿಂದಲೇ ತನಗೆ ಈ ಗತಿ ಬಂತೆಂದು ಅವನ ನಂಬಿಕೆ. ವೈದ್ಯನಾದವನು ಬೀದಿಯಲ್ಲಿ ಹೋಗುವವರ ನಡಿಗೆಯನ್ನು ನಿಂತು ನೋಡಿ, ಮಾತನಾಡಿಸಿ, ಬರೆದಿಟ್ಟುಕೊಂಡನೆಂಬುದೇ ಒಂದು ವಿಶೇಷ. ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತ ರೋಗಿಯಲ್ಲಿ ಕಾಣುವುದು ನಡುಕ. ಬೀದಿಯಲ್ಲಿ ಕಾಣುವುದು ನಡಿಗೆ. ಪಾರ್ಕಿನ್ಸನ್ನನಿಗೆ ಬೀದಿಯಿಂದ ದೊರೆತದ್ದು ಇದು.

ಐದನೆಯವನನ್ನು ಆತನು ದೂರದಿಂದ ಕಂಡದ್ದಷ್ಟೆ. ಹೆಸರಿಲ್ಲ, ವಯಸ್ಸಿಲ್ಲ, ಊರಿಲ್ಲ. ಆದರೆ ಆ ಚಿತ್ರ ಮರೆಯುವಂತಹುದಲ್ಲ. ಒಬ್ಬ ಗೃಹಸ್ಥ ನಿಂತಿದ್ದಾನೆ. ಎದುರಿಗೆ ಅವನ ಆಳು ಎರಡು ಹೆಗಲಿನ ಮೇಲೂ ಕೈಯಿಟ್ಟು ಹಿಡಿದುಕೊಂಡಿದ್ದಾನೆ. ಗೃಹಸ್ಥನು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ತೂಗಿ ತನ್ನ ಆಯವನ್ನು ಹುಡುಕಿಕೊಳ್ಳುತ್ತಾನೆ. ಆಯ ಸಿಕ್ಕೊಡನೆ ಒಂದು ಮಾತು ಹೇಳುತ್ತಾನೆ, ಆಳು ಪಕ್ಕಕ್ಕೆ ಸರಿಯುತ್ತಾನೆ, ಒಡೆಯ ಓಡತೊಡಗುತ್ತಾನೆ. ನಡೆಯಲು ಬಾರದವನಿಗೆ ಓಡಲು ಬರುತ್ತದೆ! ಆಳೂ ಮುಂದೆ ಮುಂದೆ ಓಡಬೇಕು. ಸುಮಾರು ಇಪ್ಪತ್ತು ಹೆಜ್ಜೆಗಳಾದ ಮೇಲೆ ಒಡೆಯ ಮುಖ ಅಡಿಯಾಗಿ ಬೀಳುವ ಮೊದಲೇ ಅವನನ್ನು ಹಿಡಿದುಕೊಳ್ಳಬೇಕು. ಆರನೆಯವನು ಎಪ್ಪತ್ತೆರಡರ ವೃದ್ಧ. ದಾರಿಯಲ್ಲಿ ಮೇಲೆದ್ದ ಒಂದು ಹರಳುಕಲ್ಲು ಕಂಡರೂ ಅವನಿಗೆ ಗಾಬರಿ. ಅವನ ಹೆಂಡತಿ ಅದಕ್ಕೆ ಇನ್ನಷ್ಟು ಸೇರಿಸಿ ಹೇಳಿದಳು: ಕೋಣೆಯಲ್ಲಿ ನಡೆಯುವಾಗ ನೆಲದ ಮೇಲೊಂದು ಗುಂಡುಸೂಜಿ ಬಿದ್ದಿದ್ದರೆ ಅದನ್ನು ದಾಟುವುದೂ ಆತನಿಗೆ ಕಷ್ಟವೇ ಆದೀತೆಂದು. ಹೆಂಡತಿಯ ಮಾತನ್ನು ಲಕ್ಷ್ಯಕ್ಕೆ ತೆಗೆದುಕೊಂಡು ಗ್ರಂಥದಲ್ಲಿ ಸೇರಿಸಿದ ವೈದ್ಯನ ಮೇಲೆ ನನಗೆ ಬಹಳ ಗೌರವ. ಈ ರೋಗಿಗಳು ಹೇಗೆ ಬೀಳುತ್ತಾರೆಂಬುದನ್ನು ಅವರ ಮನೆಯವರಿಗಿಂತ ಚೆನ್ನಾಗಿ ಬಲ್ಲವರು ಅಂದೂ ಇರಲಿಲ್ಲ, ಇಂದೂ ಇಲ್ಲ.

ಪಾರ್ಕಿನ್ಸನ್ನನು ರೋಗಲಕ್ಷಣವನ್ನು ಹೇಳುವಾಗ ನಡುಕದ ಜೊತೆಗೆ ಎರಡು ಸಂಗತಿಗಳನ್ನು ಸೇರಿಸಿದ್ದಾನೆ: ಮೈ ಮುಂದಕ್ಕೆ ಬಾಗುವುದು ಒಂದು, ನಡಿಗೆ ತಾನಾಗಿಯೇ ಓಟಕ್ಕೆ ತಿರುಗುವುದು ಇನ್ನೊಂದು. ಮೈಯ ಮೇಲುಭಾಗ ಮುಂದಕ್ಕೆ ವಾಲಿ, ಅಂಗಾಲು ಊರದೆ ತುದಿಗಾಲಿನ ಮೇಲೆ ಭಾರ ಬಿದ್ದು, ಬೀಳುವುದನ್ನು ತಪ್ಪಿಸಿಕೊಳ್ಳಲೆಂದೇ ಪಾದಗಳು ಚಿಕ್ಕ ಚಿಕ್ಕ ಹೆಜ್ಜೆಯಿಟ್ಟು ಧಾವಿಸುತ್ತವೆ. ತನ್ನ ತೂಕವನ್ನೇ ಬೆನ್ನಟ್ಟಿಕೊಂಡು ಹೋಗುವ ಓಟ ಅದು. ಹದಿನೆಂಟನೆಯ ಶತಮಾನದ ಫ್ರೆಂಚ್ ಪಂಡಿತ ಸೊವಾಜ್ ಇಂತಹ ಧಾವನವನ್ನು ಆಗಲೇ ಗುರುತಿಸಿ ಲ್ಯಾಟಿನ್ನಿನಲ್ಲಿ ‘ಆತುರ’ ಎಂಬರ್ಥದ ಹೆಸರನ್ನು ಕೊಟ್ಟಿದ್ದ. ಪಾರ್ಕಿನ್ಸನ್ನನು ಅದನ್ನು ನೆನೆದಿದ್ದಾನೆ. ಬುದ್ಧಿಗೂ ಇಂದ್ರಿಯಗಳಿಗೂ ಈ ರೋಗದಿಂದ ಊನವಿಲ್ಲವೆಂದು ಆತನು ಬರೆದದ್ದು ಮಾತ್ರ ಮುಂದೆ ಪೂರ್ಣವಾಗಿ ನಿಲ್ಲಲಿಲ್ಲ. ಬೀಳುವಿಕೆಗೂ ಬುದ್ಧಿಗೂ ಇರುವ ನಂಟನ್ನು ಮುಂದೆ ನೋಡೋಣ.

1824ರ ಡಿಸೆಂಬರಿನಲ್ಲಿ ಆತನು ತೀರಿಕೊಂಡ. ಪುಸ್ತಕವನ್ನು ಜನ ಬಹುಮಟ್ಟಿಗೆ ಮರೆತರು. ಅದನ್ನು ಮತ್ತೆ ಬೆಳಕಿಗೆ ತಂದವನು ಪ್ಯಾರಿಸಿನ ಷಾರ್ಕೊ.

ಪ್ಯಾರಿಸಿನ ಸಾಲ್‌ಪೆತ್ರಿಯೇರ್ ಎಂಬುದು ಮೊದಲು ಮದ್ದುಗುಂಡಿನ ಕಾರ್ಖಾನೆಯಾಗಿದ್ದು, ಆಮೇಲೆ ದಿಕ್ಕಿಲ್ಲದ ಹೆಂಗಸರ ಆಶ್ರಯವಾಗಿ, ಕಡೆಗೆ ದೊಡ್ಡ ಆಸ್ಪತ್ರೆಯಾದ ಸ್ಥಳ. ಸಾವಿರಾರು ವೃದ್ಧೆಯರು ವರ್ಷಗಟ್ಟಲೆ ಅಲ್ಲಿಯೇ ಇರುತ್ತಿದ್ದುದರಿಂದ ನಿಧಾನವಾಗಿ ಬೆಳೆಯುವ ರೋಗಗಳನ್ನು ನೋಡುವುದಕ್ಕೆ ಅಂತಹ ಜಾಗ ಮತ್ತೊಂದಿರಲಿಲ್ಲ. ಷಾರ್ಕೊ ಹೇಳಿದ್ದು ಎರಡು ಮಾತು. ಈ ರೋಗಿಗಳಲ್ಲಿ ಕೆಲವರು ನಡುಗುವುದೇ ಇಲ್ಲ. ಮತ್ತು ಇವರ ಸ್ನಾಯುಗಳಲ್ಲಿ ಶಕ್ತಿಯಿದೆ, ಇದು ಪಾರ್ಶ್ವವಾಯುವೇ ಅಲ್ಲ. ಎಂದರೆ ‘ನಡುಗುವ ಪಾರ್ಶ್ವವಾಯು’ ಎಂಬ ಹೆಸರಿನ ಎರಡು ಪದಗಳೂ ಸುಳ್ಳಾದವು! ಅದಕ್ಕೇ ಷಾರ್ಕೊ ಇದನ್ನು ಪಾರ್ಕಿನ್ಸನ್ನನ ರೋಗವೆಂದು ಕರೆದ. ಶಕ್ತಿಯಿದ್ದೂ ಚಲನೆ ಏಕೆ ತಡವಾಗುತ್ತದೆ, ಮೈ ಏಕೆ ಮರದಂತೆ ಬಿರುಸಾಗುತ್ತದೆ ಎಂಬ ಪ್ರಶ್ನೆಗಳನ್ನು ಮುಂದಿಟ್ಟವನು ಆತನೇ. ಪಾರ್ಕಿನ್ಸನ್ನನು ಮುಂದಕ್ಕೆ ಬೀಳುವವರನ್ನು ಕಂಡಿದ್ದ. ಷಾರ್ಕೊ ಹಿಂದಕ್ಕೆ ಬೀಳುವವರನ್ನೂ ತೋರಿಸಿದ. ನಿಂತಿರುವ ಹೆಂಗಸಿನ ಉಡುಪನ್ನು ಹಿಂದಿನಿಂದ ಮೆಲ್ಲಗೆ ಎಳೆದರೆ ಸಾಕು, ಆಕೆ ತಡೆಯಲಾರದೆ ಹಿಂದು ಹಿಂದಕ್ಕೆ ಹೆಜ್ಜೆ ಹಾಕುತ್ತ ಹೋಗುತ್ತಾಳೆ. ಇಂದಿಗೂ ವೈದ್ಯರು ರೋಗಿಯ ಬೆನ್ನ ಹಿಂದೆ ನಿಂತು, ಎಚ್ಚರಿಕೆ ಹೇಳಿ, ಎರಡು ಹೆಗಲನ್ನೂ ಹಿಡಿದು ಒಮ್ಮೆ ಜಗ್ಗಿ, ಎಷ್ಟು ಹೆಜ್ಜೆ ಹಿಂದಕ್ಕೆ ಹೋದನೆಂದು ಎಣಿಸುವುದುಂಟು. ಅದು ಈ ಪರೀಕ್ಷೆಯ ಮೊಮ್ಮಗ.

(ರೈಲಿನಲ್ಲಿ ದೂರ ಪ್ರಯಾಣ ಮಾಡಿ ಬಂದ ರೋಗಿಗಳು ಮೈ ಹಗುರವಾಯಿತೆನ್ನುವುದನ್ನು ಕೇಳಿ ಷಾರ್ಕೊ ಒಂದು ಕುಲುಕುವ ಕುರ್ಚಿಯನ್ನೇ ಮಾಡಿಸಿದ್ದ. ನಮ್ಮ ಊರಿನ ಬಸ್ಸುಗಳನ್ನು ಆತನು ಕಂಡಿದ್ದರೆ ಕುರ್ಚಿಯ ಖರ್ಚು ಉಳಿಯುತ್ತಿತ್ತು.)

ಇಲ್ಲಿಂದ ಮುಂದಿನ ಕಥೆ ಮಿದುಳಿನೊಳಕ್ಕೆ ಇಳಿಯುತ್ತದೆ. 1919ರಲ್ಲಿ ಪ್ಯಾರಿಸಿನಲ್ಲಿ ತ್ರೆತ್ಯಾಕೋವ್ ಎಂಬ ರಷ್ಯನ್ ತರುಣನು ಮಿದುಳಿನ ಕಾಂಡದಲ್ಲಿರುವ ಕಪ್ಪುಬಣ್ಣದ ಒಂದು ಚಿಕ್ಕ ಭಾಗ ಈ ರೋಗಿಗಳಲ್ಲಿ ಬಣ್ಣಗೆಟ್ಟು ಸವೆದಿರುವುದನ್ನು ತೋರಿಸಿದ. ಆ ಭಾಗ ಮಾಡುವ ಕೆಲಸವೇನೆಂಬುದು ಗೊತ್ತಾಗಲು ಇನ್ನೂ ನಾಲ್ಕು ದಶಕ ಬೇಕಾಯಿತು. ಗೊತ್ತಾದ ದಾರಿಯಲ್ಲಿ ನಮ್ಮ ನಾಡಿನ ಎರಡು ಗಿಡಗಳು ಅಡ್ಡ ಬಂದವು.

ಒಂದು ಸರ್ಪಗಂಧ. ಉನ್ಮಾದಕ್ಕೂ ನಿದ್ರಾಹೀನತೆಗೂ ನಮ್ಮ ವೈದ್ಯರು ಕೊಡುತ್ತಿದ್ದ ಈ ಬೇರನ್ನು ಕುರಿತು 1931ರಲ್ಲಿ ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಬರೆದರು. ರಕ್ತದ ಒತ್ತಡವೂ ಇದರಿಂದ ಇಳಿಯುತ್ತದೆಂದು ಹೇಳಿದರು. 1952ರಲ್ಲಿ ಅದರಿಂದ ರಿಸರ್ಪಿನ್ ಎಂಬ ಸತ್ತ್ವವನ್ನು ಸ್ವಿಟ್ಜರ್ಲೆಂಡಿನವರು ಬೇರ್ಪಡಿಸಿದರು. ಹೆಚ್ಚು ತೆಗೆದುಕೊಂಡವರ ಮೈ ಬಿಗಿದು, ನಡಿಗೆ ಕುಂದಿ, ಕಂಪವಾತದವರಂತೆಯೇ ಆಗುವುದು ಕಂಡುಬಂತು. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪಿನ್ ಕೊಟ್ಟು ನೋಡಿದ. ಕಿವಿ ಜೋತುಬಿದ್ದು ಅವು ಅಲುಗಾಡದೆ ಕುಳಿತವು. ಆಮೇಲೆ ಡೋಪಾ ಎಂಬ ಪದಾರ್ಥವನ್ನು ಚುಚ್ಚಿದ. ಸ್ವಲ್ಪ ಹೊತ್ತಿನಲ್ಲಿಯೇ ಮೊಲಗಳು ಕಿವಿ ನಿಮಿರಿಸಿಕೊಂಡು ಓಡಾಡತೊಡಗಿದವು! 1960ರಲ್ಲಿ ವಿಯೆನ್ನಾದ ಎರಿಂಗರ್ ಮತ್ತು ಹಾರ್ನಿಕೀವಿಚ್ ತೀರಿಕೊಂಡ ರೋಗಿಗಳ ಮಿದುಳುಗಳನ್ನು ಪರೀಕ್ಷಿಸಿ, ಡೋಪಮೀನ್ ಎಂಬ ರಾಸಾಯನಿಕ ಅಲ್ಲಿ ಬತ್ತಿಹೋಗಿರುವುದನ್ನು ಕಂಡರು. ಮರುವರ್ಷ ಅದೇ ಊರಿನ ಬಿರ್ಕ್‌ಮಯರ್ ಜೊತೆಗೂಡಿ ರೋಗಿಗಳಿಗೆ ಡೋಪಾ ಚುಚ್ಚಿದಾಗ, ಹಾಸಿಗೆಯಿಂದ ಏಳಲಾರದವರು ಎದ್ದು ನಡೆದರು. ಕಾರ್ಲ್‌ಸನ್ನನಿಗೆ 2000ದಲ್ಲಿ ನೊಬೆಲ್ ಬಹುಮಾನ ಸಂದಿತು.

ಇನ್ನೊಂದು ಗಿಡ ನಸುಗುನ್ನಿ. ಬೇಲಿಯ ಮೇಲೆ ಹಬ್ಬುವ ಈ ಬಳ್ಳಿಯ ಕಾಯಿ ಮುಟ್ಟಿ ಮೈಯೆಲ್ಲ ತುರಿಸಿಕೊಳ್ಳದ ಹಳ್ಳಿಯ ಹುಡುಗನುಂಟೆ? ಸಂಸ್ಕೃತದಲ್ಲಿ ಅದು ಕಪಿಕಚ್ಛು, ಆತ್ಮಗುಪ್ತಾ. ನಡುಕದ ಲಕ್ಷಣವನ್ನು ಆಯುರ್ವೇದ ಬಹು ಹಿಂದೆಯೇ ವಾತರೋಗಗಳಲ್ಲಿ ಎಣಿಸಿದೆ. ಮಾಧವನಿದಾನದಲ್ಲಿ ಅದಕ್ಕೆ ವೇಪಥು ಎಂದು ಹೆಸರು. 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ನಸುಗುನ್ನಿಯ ಬೀಜದಿಂದ ಲೆವೊಡೋಪಾವನ್ನೇ ಬೇರ್ಪಡಿಸಿ ಪ್ರಕಟಿಸಿದರು. ಕಾರ್ಲ್‌ಸನ್ನನ ಮೊಲಗಳಿಗೆ ಇಪ್ಪತ್ತು ವರ್ಷ ಮೊದಲು! ಅದರ ಪ್ರಯೋಜನ ಆಗ ಯಾರಿಗೂ ತಿಳಿದಿರಲಿಲ್ಲವಷ್ಟೆ. ಬೀಜದ ಪುಡಿಯನ್ನು 2004ರಲ್ಲಿ ಲಂಡನ್ನಿನಲ್ಲಿ ಎಂಟು ರೋಗಿಗಳಿಗೆ ಕೊಟ್ಟು ನೋಡಿದಾಗ ಅದು ಗುಣ ತೋರಿಸಿತು. ಹಾಗೆಂದು ಬೇಲಿಗೆ ಕೈ ಹಾಕುವುದು ಬೇಡ. ಅಳತೆ ತಪ್ಪಿದರೆ ಅದೂ ಔಷಧವೇ, ಅದಕ್ಕೂ ಅಪಾಯಗಳಿವೆ.

ಈಗ 1967ನೆಯ ಇಸವಿಗೆ ಬರೋಣ. ಈ ರೋಗದ ಚರಿತ್ರೆಯಲ್ಲಿ ಅದೊಂದು ಸಂಧಿವರ್ಷ. ಆ ವರ್ಷ ಅಮೆರಿಕದ ಜಾರ್ಜ್ ಕೋಟ್ಜಿಯಾಸ್ ಡೋಪಾವನ್ನು ಬಾಯಿಯ ಮೂಲಕ, ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಿಸುತ್ತ ದೊಡ್ಡ ಪ್ರಮಾಣದಲ್ಲಿ ಕೊಡಬಹುದೆಂದು ತೋರಿಸಿದ. ಪತ್ರಿಕೆಗಳಲ್ಲೆಲ್ಲ ಜಯಘೋಷವೆದ್ದಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಮಾರ್ಗರೆಟ್ ಹೋನ್ ಮತ್ತು ಮೆಲ್ವಿನ್ ಯಾರ್ ಈ ರೋಗವನ್ನು ಐದು ಮೆಟ್ಟಿಲುಗಳಾಗಿ ವಿಂಗಡಿಸಿದರು. ಮೊದಲನೆಯ ಮೆಟ್ಟಿಲಲ್ಲಿ ಮೈಯ ಒಂದೇ ಪಕ್ಕ, ಎರಡನೆಯದರಲ್ಲಿ ಎರಡು ಪಕ್ಕ. ಮೂರನೆಯದು ಯಾವಾಗ? ನಿಂತಾಗ ಆಯ ತಪ್ಪತೊಡಗಿದಾಗ. ಐದನೆಯ ಮೆಟ್ಟಿಲೆಂದರೆ ಗಾಲಿಕುರ್ಚಿ ಅಥವಾ ಹಾಸಿಗೆ. ನಡುಕ ಎಷ್ಟು ಜೋರಾಗಿದೆಯೆಂಬುದರಿಂದ ಮೆಟ್ಟಿಲನ್ನು ಅವರು ಅಳೆಯಲಿಲ್ಲವೆಂಬುದನ್ನು ಗಮನಿಸಬೇಕು. ನಡುಕದ ಹೆಸರಿನಲ್ಲಿದ್ದ ರೋಗದ ನಟ್ಟನಡುವಣ ಮೆಟ್ಟಿಲು ಬೀಳುವಿಕೆಯ ಪಾಲಿಗೆ ಬಂತು.

ಮೂರನೆಯ ಘಟನೆಯನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಲಂಡನ್ನಿನ ಪರ್ಡನ್ ಮಾರ್ಟಿನ್ ಎಂಬ ಹಿರಿಯ ವೈದ್ಯ ಅದೇ 1967ರಲ್ಲಿ ಮೈಯ ನಿಲುವನ್ನು ಕುರಿತು ಒಂದು ಗ್ರಂಥವನ್ನು ಹೊರತಂದ. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಯೂರೋಪಿನಲ್ಲಿ ಹಬ್ಬಿದ ನಿದ್ರಾಜ್ವರದಿಂದ ಬದುಕುಳಿದು, ಕಂಪವಾತದಂತಹ ಸ್ಥಿತಿಗೆ ಇಳಿದ ಅನೇಕರು ಉತ್ತರ ಲಂಡನ್ನಿನ ಹೈಲ್ಯಾಂಡ್ಸ್ ಆಸ್ಪತ್ರೆಯಲ್ಲಿ ದಶಕಗಳಿಂದ ಉಳಿದಿದ್ದರು. ಮಾರ್ಟಿನ್ ಅವರನ್ನು ಕೂರಿಸಿ, ನಿಲ್ಲಿಸಿ, ವಾಲುವ ಹಲಗೆಯ ಮೇಲೆ ಇರಿಸಿ ನೋಡಿದ. ನೆಲ ವಾಲಿದರೆ ನಾವು ಯೋಚಿಸುವುದಕ್ಕೆ ಮೊದಲೇ ನಮ್ಮ ಕೈ ಚಾಚುತ್ತದೆ, ಕಾಲು ಸರಿಯುತ್ತದೆ, ಸೊಂಟ ಎದುರು ಪಕ್ಕಕ್ಕೆ ವಾಲುತ್ತದೆ. ಅವರಲ್ಲಿ ಹಲವರಿಗೆ ಇದೊಂದೂ ಆಗಲಿಲ್ಲ. ಕಡಿದ ಮರದಂತೆ ಉರುಳಿದರು. ಬೀಳುವಿಕೆ ಅಜಾಗರೂಕತೆಯಲ್ಲ, ದುರ್ಬಲತೆಯೂ ಅಲ್ಲ, ಮೈಯನ್ನು ನೆಟ್ಟಗೆ ಕಾಯುವ ಒಂದು ಕಾವಲುಗಾರನೇ ಮಿದುಳಿನಿಂದ ಕಾಣೆಯಾಗಿದ್ದಾನೆಂಬುದು ಅಲ್ಲಿ ಪ್ರತ್ಯಕ್ಷವಾಯಿತು. ‘ನೋಡಿಕೊಂಡು ನಡೆಯಬಾರದೇ ಅಪ್ಪಾ’ ಎಂದು ಗದರುವ ಮಕ್ಕಳೂ ‘ನಿಮಗೆ ಎಷ್ಟು ಸಲ ಹೇಳಬೇಕು’ ಎನ್ನುವ ಸೊಸೆಯಂದಿರೂ ಈ ಗ್ರಂಥದ ಸಾರವನ್ನಾದರೂ ತಿಳಿದಿದ್ದರೆ ಎಷ್ಟೋ ಮನೆಗಳಲ್ಲಿ ಮುದುಕರ ಕಣ್ಣೀರು ಉಳಿಯುತ್ತಿತ್ತು.

ಮಾರ್ಟಿನ್ ಇನ್ನೊಂದು ಸೋಜಿಗವನ್ನೂ ತೋರಿಸಿದ. ನೆಲಕ್ಕೆ ಕಾಲು ಅಂಟಿದಂತೆ ನಿಂತುಬಿಟ್ಟ ರೋಗಿಯ ಮುಂದೆ, ಹೆಜ್ಜೆಗೊಂದರಂತೆ ಅಡ್ಡಗೆರೆಗಳನ್ನು ಎಳೆದರೆ, ಅವನು ಗೆರೆಯಿಂದ ಗೆರೆಗೆ ದಾಟುತ್ತ ಸರಾಗವಾಗಿ ನಡೆಯುತ್ತಾನೆ. ಗೆರೆಗಳನ್ನು ನಡೆಯುವ ದಿಕ್ಕಿಗೆ ಉದ್ದುದ್ದ ಎಳೆದರೆ ಉಪಯೋಗವಿಲ್ಲ. ಪಾರ್ಕಿನ್ಸನ್ನನ ವೃದ್ಧನಿಗೆ ಗುಂಡುಸೂಜಿಯೂ ಅಡ್ಡಿಯಾಗಿತ್ತು. ಇವರಿಗೆ ಗೆರೆ ಮೆಟ್ಟಿಲಾಯಿತು. ತಾನಾಗಿ ನಡೆಯುವ ಹಾದಿ ಕೆಟ್ಟಿದ್ದರೂ ಕಣ್ಣು ಕಂಡದ್ದನ್ನು ಹಿಡಿದು ನಡೆಯುವ ಹಾದಿ ಉಳಿದಿರುತ್ತದೆಂದು ಇದರಿಂದ ತಿಳಿಯುತ್ತದೆ. ಬಾಗಿಲ ಬಳಿ, ಇಕ್ಕಟ್ಟಿನಲ್ಲಿ, ತಿರುಗುವಾಗ ಕಾಲು ಹೀಗೆ ಅಂಟುವುದು ಹೆಚ್ಚು. ಮೇಲಿನ ಮೈ ತಿರುಗಿ ಹೋಗಿರುತ್ತದೆ, ಪಾದ ಅಲ್ಲಿಯೇ ಉಳಿದಿರುತ್ತದೆ; ಬೀಳದೆ ಇನ್ನೇನು?

ಡೋಪಾದ ಜಯಘೋಷ ತಣ್ಣಗಾಗುತ್ತ ಬಂದಂತೆ ಒಂದು ಕಹಿ ಸತ್ಯ ಹೊರಬಿತ್ತು. ಮದ್ದಿನಿಂದ ಬಿಗಿತ ಸಡಿಲುತ್ತದೆ, ಕೈ ಚುರುಕಾಗುತ್ತದೆ, ಹೆಜ್ಜೆ ಉದ್ದವಾಗುತ್ತದೆ. ಆದರೆ ಆಯ ತಪ್ಪುವುದು ಅಷ್ಟಾಗಿ ಸರಿಹೋಗುವುದಿಲ್ಲ. ಕುರ್ಚಿಯಲ್ಲಿ ಕುಳಿತೇ ಇದ್ದವನು ಎದ್ದು ಓಡಾಡತೊಡಗಿದ್ದರಿಂದ ಬೀಳುವ ಸಂದರ್ಭಗಳು ಹೆಚ್ಚಿದವೆಂದರೂ ತಪ್ಪಿಲ್ಲ. ಆಗ, ಎಂದರೆ ಪಾರ್ಕಿನ್ಸನ್ನನ ಪ್ರಬಂಧಕ್ಕೆ ಹೆಚ್ಚು ಕಡಿಮೆ ನೂರಎಂಬತ್ತು ವರ್ಷ ತುಂಬಿದ ಮೇಲೆ, ವೈದ್ಯರು ಒಂದು ಸಾಮಾನ್ಯ ಕೆಲಸಕ್ಕೆ ಕೈಹಾಕಿದರು. ಯಾರು ಬೀಳುತ್ತಾರೆ, ಎಷ್ಟು ಸಲ ಬೀಳುತ್ತಾರೆ ಎಂದು ಎಣಿಸತೊಡಗಿದರು.

ಇಂಗ್ಲೆಂಡಿನಲ್ಲಿ 109 ರೋಗಿಗಳನ್ನು ಒಂದು ವರ್ಷ ಕಾಲ ಗಮನಿಸಿ 2002ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ನೂರಕ್ಕೆ 68 ಮಂದಿ ಬಿದ್ದಿದ್ದರು. 2007ರಲ್ಲಿ ಇಂತಹ ಆರು ಅಧ್ಯಯನಗಳ 473 ರೋಗಿಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬರಿಯ ಮೂರು ತಿಂಗಳಲ್ಲಿ ನೂರಕ್ಕೆ 46 ಮಂದಿ ಬಿದ್ದದ್ದು ತಿಳಿಯಿತು. ಹಿಂದೆ ಎಂದೂ ಬೀಳದವರಲ್ಲಿಯೂ ನೂರಕ್ಕೆ 21 ಮಂದಿಗೆ ಆ ಮೂರು ತಿಂಗಳು ಮೊದಲ ಪಾಠ ಕಲಿಸಿತ್ತು. ಮುಂದೆ ಬೀಳುವವರಾರೆಂದು ಮೊದಲೇ ಹೇಳಬಲ್ಲ ಗುರುತು ಯಾವುದು? ಎಷ್ಟು ಯಂತ್ರಗಳಿದ್ದರೂ ಎಲ್ಲಕ್ಕಿಂತ ನಂಬಿಕೆಯದು ಒಂದೇ ಪ್ರಶ್ನೆ: ಹೋದ ವರ್ಷ ಎರಡು ಸಲವೋ ಹೆಚ್ಚಾಗಿಯೋ ಬಿದ್ದಿದ್ದೀರಾ? ಎಡವಿದ ಕಾಲೇ ಎಡವುವುದೆಂದು ನಮ್ಮ ಅಜ್ಜಿಯರು ಎಂದೋ ಹೇಳಿಬಿಟ್ಟಿದ್ದರು. ಸಿಡ್ನಿಯ ವಿದ್ವಾಂಸರು 2013ರಲ್ಲಿ 205 ಮಂದಿಯನ್ನು ಪರೀಕ್ಷಿಸಿ ಇದಕ್ಕೆ ಮತ್ತೆರಡನ್ನು ಸೇರಿಸಿದರು. ಕಳೆದ ತಿಂಗಳಲ್ಲಿ ಕಾಲು ನೆಲಕ್ಕೆ ಅಂಟಿದ್ದುಂಟೆ? ತನ್ನ ಸಹಜ ನಡಿಗೆಯಲ್ಲಿ ಸೆಕೆಂಡಿಗೆ 1.1 ಮೀಟರಿಗಿಂತ ನಿಧಾನವೆ? ಈ ಮೂರಕ್ಕೆ ಬೇಕಾದದ್ದು ಒಂದು ಗಡಿಯಾರ, ನಾಲ್ಕು ಮಾರು ಜಾಗ, ಐದು ನಿಮಿಷದ ತಾಳ್ಮೆ.

ಈ ಲೆಕ್ಕಗಳಲ್ಲಿ ಒಂದು ವಿಚಿತ್ರವೂ ಇದೆ. ರೋಗ ಬೆಳೆದಂತೆ ಬೀಳುವ ಸಂಭವವೂ ಏರುತ್ತದೆ. ಆದರೆ ಒಂದು ಹಂತವಾದ ಮೇಲೆ ಏರುವುದು ನಿಂತು, ಇಳಿಯುವಂತೆಯೂ ಕಾಣುತ್ತದೆ. ವಾಸಿಯಾಯಿತೆಂದಲ್ಲ. ನಿಲ್ಲಲಾರದವನು ಬೀಳಲಾರ.

ಇಂಗ್ಲೆಂಡಿನವರ ಪಟ್ಟಿಯಲ್ಲಿ ನಡೆಯುವಾಗ ತೋಳು ಬೀಸದಿರುವುದು, ರೋಗ ಹಳೆಯದಾಗಿರುವುದು, ಬುದ್ಧಿ ಮಂಕಾಗುತ್ತಿರುವುದು ಇವೂ ಸೇರಿವೆ. ಇತರರ ಪಟ್ಟಿಗಳಲ್ಲಿ ಎದ್ದು ನಿಂತೊಡನೆ ರಕ್ತದ ಒತ್ತಡ ಇಳಿದು ಕಣ್ಣು ಕತ್ತಲಿಡುವುದು, ನಿದ್ದೆಮಾತ್ರೆಗಳು, ತೊಡೆಗಳ ಶಕ್ತಿ ಕುಂದುವುದು ಬರುತ್ತವೆ. ರಾತ್ರಿ ಅವಸರವಾಗಿ ಬಚ್ಚಲಿಗೆ ಹೋಗಬೇಕಾದಾಗ ಇವೆಲ್ಲ ಒಟ್ಟಿಗೆ ಸೇರಿಕೊಳ್ಳುವುದುಂಟು: ಎದ್ದಾಗಿನ ತಲೆಸುತ್ತು, ಕತ್ತಲೆ, ಅವಸರ, ಹೊಸ್ತಿಲು, ಒದ್ದೆ ನೆಲ, ಸಂಜೆಯ ಮದ್ದಿನ ಬಲ ಇಳಿದ ಹೊತ್ತು. ಇನ್ನು ಬೀಳುವ ಭಯವೂ ಒಂದು ಕಾರಣ. ಒಮ್ಮೆ ಬಿದ್ದವನು ನಡೆಯುವುದನ್ನು ಬಿಡುತ್ತಾನೆ, ಬಿಟ್ಟದ್ದರಿಂದ ಕಾಲು ಸೋಲುತ್ತದೆ, ಸೋತ ಕಾಲು ಮತ್ತೆ ಕೆಡವುತ್ತದೆ. ಬೀಳುವಾಗ ಕೈ ಸಕಾಲಕ್ಕೆ ಮುಂದೆ ಬರದ ಕಾರಣ ಪೆಟ್ಟು ಸೊಂಟದ ಕೀಲಿಗೆ ತಾಗುವುದೂ ಹೆಚ್ಚು.

ಬುದ್ಧಿಗೂ ಹೆಜ್ಜೆಗೂ ಇರುವ ನಂಟು ಎಲ್ಲಕ್ಕಿಂತ ಸೂಕ್ಷ್ಮವಾದುದು. ಸ್ವೀಡನ್ನಿನಲ್ಲಿ 1997ರಲ್ಲಿ ವೃದ್ಧಾಶ್ರಮವೊಂದರ ಮುದುಕರೊಡನೆ ಮಾತನಾಡುತ್ತ ನಡೆದು ನೋಡಿದರು. ಮಾತು ಬಂದೊಡನೆ ನಡಿಗೆ ನಿಲ್ಲಿಸಿದವರು ಹನ್ನೆರಡು ಮಂದಿ. ಆರು ತಿಂಗಳೊಳಗೆ ಅವರಲ್ಲಿ ಹತ್ತು ಮಂದಿ ಬಿದ್ದರು. ಇದೇ ಪರೀಕ್ಷೆಯನ್ನು ಹಾಲೆಂಡಿನ ಬ್ಲೂಮ್ ಕಂಪವಾತದವರಿಗೆ ಹಚ್ಚಿದಾಗ ಕೈಗೂಡಲಿಲ್ಲ. ಕಾರಣ ಕುತೂಹಲಕರವಾಗಿದೆ. ಆರೋಗ್ಯವಂತನು ಕೈಯಲ್ಲಿ ತುಂಬಿದ ಲೋಟ, ಬಾಯಲ್ಲಿ ಮಾತು, ಕಾಲಡಿಯಲ್ಲಿ ಏರುಪೇರು ಒಟ್ಟಿಗೆ ಬಂದರೆ ಮೊದಲು ಮಾತು ನಿಲ್ಲಿಸಿ ಹೆಜ್ಜೆಯನ್ನು ಕಾಯ್ದುಕೊಳ್ಳುತ್ತಾನೆ. ಕಂಪವಾತದವನು ಮಾತನ್ನೂ ಬಿಡುವುದಿಲ್ಲ, ಲೋಟವನ್ನೂ ಬಿಡುವುದಿಲ್ಲ; ಎಲ್ಲವನ್ನೂ ಮಾಡಲು ಹೋಗುತ್ತಾನೆ. ಆಯ ಕೊನೆಯ ಸಾಲಿಗೆ ಸರಿಯುತ್ತದೆ. ನಡೆಯುತ್ತಿರುವ ತಾತನನ್ನು ಹಿಂದಿನಿಂದ ಕೂಗಿ ಕರೆದು ‘ಪತ್ರಿಕೆ ಎಲ್ಲಿಟ್ಟಿರಿ?’ ಎಂದು ಕೇಳುವವರು ಇದನ್ನು ಅರಿತಿರಬೇಕು.

ಬೀಳುವಿಕೆ ಯಾವಾಗ ಬಂತೆಂಬುದೂ ಮುಖ್ಯ. ಪಾರ್ಕಿನ್ಸನ್ನನ ರೋಗದಲ್ಲಿ ಅದು ಸಾಮಾನ್ಯವಾಗಿ ಕೆಲವು ವರ್ಷಗಳ ತರುವಾಯ ಬರುವ ಅತಿಥಿ. ಮೊದಲ ವರ್ಷದಲ್ಲಿಯೇ ಪದೇ ಪದೇ, ಅದರಲ್ಲೂ ಹಿಂದಕ್ಕೆ ಬೀಳತೊಡಗಿದರೆ ವೈದ್ಯರು ಬೇರೊಂದು ರೋಗವನ್ನು ಶಂಕಿಸುತ್ತಾರೆ. 1964ರಲ್ಲಿ ಟೊರಾಂಟೊದ ಸ್ಟೀಲ್, ರಿಚರ್ಡ್‌ಸನ್ ಮತ್ತು ಒಲ್ಶೆವ್‌ಸ್ಕಿ ವಿವರಿಸಿದ, ಕಣ್ಣಿನ ಚಲನೆಯೂ ಕುಂದುವ ಕಾಯಿಲೆ ಅದು. ಅದಕ್ಕೆ ಮೊದಲು ಇವರೂ ಪಾರ್ಕಿನ್ಸನ್ನನ ಲೆಕ್ಕಕ್ಕೇ ಸೇರಿಹೋಗುತ್ತಿದ್ದಿರಬೇಕು.

ಪರಿಹಾರದ ಕಡೆಗೆ ನಡೆದ ಕೆಲಸ ಇತ್ತೀಚಿನದು. ಆಯ ತಪ್ಪುವುದರಲ್ಲಿ ಡೋಪಮೀನಿನ ಕೊರತೆಯಲ್ಲದೆ ಅಸಿಟೈಲ್‌ಕೋಲೀನ್ ಎಂಬ ಇನ್ನೊಂದರ ಕೊರತೆಯೂ ಸೇರಿದೆಯೆಂದು ಕಂಡುಬಂದ ಮೇಲೆ, ಮರೆವಿನ ರೋಗಕ್ಕೆ ಕೊಡುವ ರಿವಾಸ್ಟಿಗ್ಮಿನ್ ಎಂಬ ಮದ್ದನ್ನು ಇಂಗ್ಲೆಂಡಿನ ಬ್ರಿಸ್ಟಲ್ಲಿನಲ್ಲಿ 130 ಮಂದಿಯ ಮೇಲೆ ಪರೀಕ್ಷಿಸಿದರು. 2016ರಲ್ಲಿ ಬಂದ ವರದಿಯಂತೆ ಅದನ್ನು ಸೇವಿಸಿದವರ ಹೆಜ್ಜೆಯ ಲಯ ಹೆಚ್ಚು ಸಮವಾಯಿತು, ಬೀಳುವುದೂ ಕಡಿಮೆಯಾಯಿತು. ಅಮೆರಿಕದ ಆರೆಗನ್ನಿನಲ್ಲಿ 195 ಮಂದಿಯನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಚೀನೀಯರ ತಾಯ್ ಚಿ ಎಂಬ ನಿಧಾನಗತಿಯ ವ್ಯಾಯಾಮವನ್ನು ವಾರಕ್ಕೆರಡು ಸಲದಂತೆ 24 ವಾರ ಕಲಿಸಿದರು. ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಮೆಲ್ಲಗೆ ಸಾಗಿಸುವುದೇ ಅದರ ಜೀವಾಳ. ಬರಿಯ ಮೈಸೆಳೆತದ ಅಂಗಸಾಧನೆ ಮಾಡಿದವರಿಗಿಂತ ಇವರು ಕಡಿಮೆ ಬಿದ್ದರೆಂದು 2012ರಲ್ಲಿ ಪ್ರಕಟವಾಯಿತು. ಗೃಹಸ್ಥನು ಆಳಿನ ಕೈಹಿಡಿತದಲ್ಲಿ ಹಿಂದಕ್ಕೂ ಮುಂದಕ್ಕೂ ತೂಗಿ ಆಯ ಹುಡುಕುತ್ತಿದ್ದ ಲಂಡನ್ನಿನ ಆ ಹಳೆಯ ದೃಶ್ಯ ಇದನ್ನು ಓದುವಾಗ ನನಗೆ ನೆನಪಾಯಿತು.

ಮಿದುಳಿನ ಒಗಟು ಇನ್ನೂ ಪೂರ್ತಿ ಬಿಚ್ಚಿಲ್ಲವೆಂಬುದಕ್ಕೆ ಬ್ಲೂಮ್ ಮತ್ತು ಅವನ ಸಹೋದ್ಯೋಗಿ 2010ರಲ್ಲಿ ಪ್ರಕಟಿಸಿದ ಒಬ್ಬ ರೋಗಿಯ ವೃತ್ತಾಂತ ಸಾಕು. ಹಾಲೆಂಡಿನ 58 ವರ್ಷದ ಮನುಷ್ಯ. ಹತ್ತು ವರ್ಷಗಳ ರೋಗ. ನಾಲ್ಕು ಹೆಜ್ಜೆ ಇಡುವುದರೊಳಗೆ ಕಾಲು ಅಂಟಿ, ಹಿಡಿಯುವವರಿಲ್ಲದಿದ್ದರೆ ಬೀಳುತ್ತಾನೆ. ಆದರೆ ತಾನು ಬೈಸಿಕಲ್ ಹೊಡೆಯುವುದುಂಟೆಂದು ಆತ ಹೇಳಿದ. ವೈದ್ಯರಿಗೆ ನಂಬಿಕೆ ಬರಲಿಲ್ಲ. ಬೈಸಿಕಲ್ ತಂದು ಹತ್ತಿಸಿದರು. ಆತ ನೆಟ್ಟಗೆ ಕುಳಿತು, ತುಳಿದು, ರಸ್ತೆಯಲ್ಲಿ ತಿರುವು ತೆಗೆದುಕೊಂಡು, ಆರೋಗ್ಯವಂತನಂತೆ ಹಿಂತಿರುಗಿ ಬಂದ. ಇಳಿದು ನೆಲಕ್ಕೆ ಪಾದವಿಟ್ಟೊಡನೆ ಕಾಲು ಮತ್ತೆ ಅಂಟಿಕೊಂಡಿತು.